ಮರ ಕೊಡುವ ಸಿಹಿನೀರು: ಮೇಪಲ್ ತೋಟದ ಆರು ವಾರಗಳು

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಾಫಿ ಬೆಳೆಗಾರರ ಕಣ್ಣೆಲ್ಲ ಆಕಾಶದ ಮೇಲೆ. ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ವರ್ಷದ ಬೆಳೆ ಗೆದ್ದಂತೆ. ತಪ್ಪಿದರೆ ಕೆರೆಯಲ್ಲಿ ನೀರಿದ್ದವನು ಬದುಕಿದ, ಇಲ್ಲದವನು ಕೈ ಹಿಸುಕಿಕೊಂಡ. ಅದೇ ತಿಂಗಳಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲೂ ಅಮೆರಿಕದ ವರ್ಮಾಂಟ್ ರಾಜ್ಯದಲ್ಲೂ ಸಣ್ಣ ಹಿಡುವಳಿದಾರರು ಹೀಗೆಯೇ ಹವೆಯನ್ನು ಕಾಯುತ್ತ ಕುಳಿತಿರುತ್ತಾರೆ. ಅವರು ನೋಡುವುದು ಮೋಡವನ್ನಲ್ಲ, ಬಾಗಿಲ ಪಕ್ಕದಲ್ಲಿ ತೂಗುಹಾಕಿದ ಉಷ್ಣಮಾಪಕವನ್ನು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕು, ಹಗಲು ಹಿಮ ಕರಗುವಷ್ಟು ಬಿಸಿಲು ಬೇಕು. ಇವೆರಡೂ ಒಂದರ ಹಿಂದೊಂದು ಬಂದರೆ ಮಾತ್ರ ಅವರ ಮರ ರಸ ಕೊಡುತ್ತದೆ. ಆ ರಸವನ್ನು ಕಾಯಿಸಿ ಮಾಡುವ ಪಾಕವೇ ಮೇಪಲ್ ಸಿರಪ್.

ಹೊರದೇಶದ ಈ ಬೆಳೆಯ ಸುದ್ದಿ ನಮಗೇಕೆ ಎಂದು ಓದುಗರು ಕೇಳಬಹುದು. ಅಡಿಕೆ ಬೇಯಿಸುವ ಒಲೆಯ ಮುಂದೆ ರಾತ್ರಿ ಕಳೆದವರಿಗೆ, ಆಲೆಮನೆಯ ಕೊಪ್ಪರಿಗೆ ಕಂಡವರಿಗೆ, ಕಾಫಿ ಬೋರ್ಡಿನ ಪೂಲ್ ಹಣಕ್ಕೆ ಕಾದವರಿಗೆ ಈ ಕಥೆಯಲ್ಲಿ ಪರಿಚಿತ ಸಂಗತಿಗಳು ಬಹಳ ಸಿಗುತ್ತವೆ.

ಮರವೂ ಹವೆಯೂ

ಮೇಪಲ್‌ನಲ್ಲಿ ಹಲವು ಜಾತಿಗಳುಂಟು. ಪಾಕಕ್ಕೆ ಶ್ರೇಷ್ಠವೆನಿಸಿದ್ದು ಸಕ್ಕರೆ ಮೇಪಲ್. ಬೇಸಗೆಯಲ್ಲಿ ಎಲೆಗಳು ತಯಾರಿಸಿದ ಆಹಾರವನ್ನು ಮರವು ಪಿಷ್ಟದ ರೂಪದಲ್ಲಿ ಕಾಂಡದೊಳಗೆ ಕೂಡಿಡುತ್ತದೆ. ಚಳಿಗಾಲದಲ್ಲಿ ಆ ಪಿಷ್ಟ ಸಕ್ಕರೆಯಾಗುತ್ತದೆ. ಈ ಮರದ ನಾರುಗಳೊಳಗೆ ನೀರಿಗೆ ಬದಲಾಗಿ ಗಾಳಿ ತುಂಬಿರುತ್ತದೆ. ರಾತ್ರಿ ಮರ ಹೆಪ್ಪುಗಟ್ಟುವಾಗ ಒಳಗಿನ ಗಾಳಿ ಕುಗ್ಗಿ, ಬೇರಿನಿಂದ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಹಗಲು ಬಿಸಿಲಿಗೆ ಮಂಜು ಕರಗಿ, ಗಾಳಿ ಹಿಗ್ಗಿ, ರಸದ ಮೇಲೆ ಒತ್ತಡ ಬೀಳುತ್ತದೆ. ಆಗ ತೊಗಟೆಯಲ್ಲಿ ತೂತು ಸಿಕ್ಕಿದರೆ ರಸ ತೊಟ್ಟಿಕ್ಕತೊಡಗುತ್ತದೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಈ ಹವೆ ಹೆಚ್ಚೆಂದರೆ ನಾಲ್ಕರಿಂದ ಆರು ವಾರ ಇರುತ್ತದೆ. ಅಷ್ಟರಲ್ಲೂ ದಿನವೂ ರಸ ಬರುವುದಿಲ್ಲ. ರಾತ್ರಿ ಚಳಿ ಸಾಲದಿದ್ದರೆ ಒಂದು ತೊಟ್ಟೂ ಇಲ್ಲ; ಹಗಲು ಬಿಸಿಲೇರದಿದ್ದರೂ ಇಲ್ಲ. ಎರಡೂ ಕೂಡಿ ಬಂದ ದಿನ ಬಕೆಟ್ಟು ತುಂಬಿ ಚೆಲ್ಲುವಷ್ಟು ಸುರಿಯುತ್ತದೆ.

ಈ ವಿದ್ಯೆಯನ್ನು ಬಿಳಿಯರು ಕಂಡುಹಿಡಿದದ್ದಲ್ಲ. ಅಬೆನಾಕಿ, ಒಜಿಬ್ವೆ ಮೊದಲಾದ ಅಲ್ಲಿನ ಮೂಲನಿವಾಸಿಗಳು ಅವರು ಬರುವುದಕ್ಕೆ ಮೊದಲೇ ಮರದ ರಸದಿಂದ ಸಕ್ಕರೆ ಮಾಡುತ್ತಿದ್ದರು. ಪಾಕ ಬಹುದಿನ ಇರಲಾರದೆಂದು ಇನ್ನೂ ಕಾಯಿಸಿ ಗಟ್ಟಿ ಅಚ್ಚು ಮಾಡಿಡುತ್ತಿದ್ದರು. ನಮ್ಮಲ್ಲಿ ಜೋನಿ ಬೆಲ್ಲಕ್ಕೂ ಅಚ್ಚು ಬೆಲ್ಲಕ್ಕೂ ಇರುವ ವ್ಯತ್ಯಾಸವೇ ಅದು.

ಕೊರೆಯುವ ಲೆಕ್ಕ

ಸಕ್ಕರೆ ಮೇಪಲ್ ಮರ ಎದೆಮಟ್ಟದಲ್ಲಿ ಸುಮಾರು 10ರಿಂದ 12 ಇಂಚು ದಪ್ಪವಾಗದೆ ಕೊರೆಯಬಾರದೆಂಬುದು ಹಿರಿಯರ ಕಟ್ಟಳೆ. ಅಷ್ಟು ದಪ್ಪವಾಗಲು ಸುಮಾರು 40 ವರ್ಷ ಹಿಡಿಯುತ್ತದೆ. ಅಡಿಕೆ ಸಸಿ ನೆಟ್ಟವನು ತಾನೇ ಕೊನೆ ಇಳಿಸುತ್ತಾನೆ. ಮೇಪಲ್ ಸಸಿಯನ್ನು ಕಾಪಾಡಿದವನ ಫಲ ಬಹುಮಟ್ಟಿಗೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಲ್ಲುತ್ತದೆ.

ತೂತಿನ ಅಗಲ ಅರ್ಧ ಇಂಚಿಗೂ ಕಡಿಮೆ, ಆಳ ಒಂದೂವರೆಯಿಂದ ಎರಡು ಇಂಚು. ರಸ ಹೊರಗೆ ಇಳಿದು ಬರುವಂತೆ ತೂತನ್ನು ಒಳಗಡೆಗೆ ತುಸು ಮೇಲ್ಮುಖವಾಗಿ ಕೊರೆಯುತ್ತಾರೆ. ಅದಕ್ಕೊಂದು ಕೊಳವೆ ಹೊಡೆದು, ಕೊಳವೆಗೆ ಮುಚ್ಚಳವಿರುವ ಬಕೆಟ್ಟು ತೂಗುಹಾಕುತ್ತಾರೆ. ಸಾಧಾರಣ ಮರಕ್ಕೆ ಒಂದೇ ತೂತು. ಬಹಳ ದಪ್ಪವಿದ್ದರೆ ಎರಡು.

ಮರದ ಗಾಯ ಮನುಷ್ಯನ ಗಾಯದಂತೆ ಮಾಯುವುದಿಲ್ಲ. ತೂತು ಬಿದ್ದ ಜಾಗದ ಮೇಲಕ್ಕೂ ಕೆಳಕ್ಕೂ ಉದ್ದವಾಗಿ ಒಂದು ಪಟ್ಟಿಯಷ್ಟು ಮರವನ್ನು ವೃಕ್ಷವು ತಾನೇ ಮುಚ್ಚಿಬಿಡುತ್ತದೆ. ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆಂದೂ ರಸ ಬಾರದು. ವರ್ಷ ವರ್ಷ ಹೊರಗಡೆ ಬೆಳೆಯುವ ಹೊಸ ಮರವೇ ಮುಂದಿನ ತೂತಿಗೆ ಆಧಾರ. ಆದ್ದರಿಂದ ಬಲ್ಲವನು ಹಳೆಯ ಗುರುತು ನೋಡಿ, ಅದರಿಂದ ದೂರ ಸರಿದು ಕೊರೆಯುತ್ತಾನೆ. ಮರ ಬೆಳೆಯುವುದಕ್ಕಿಂತ ಹೆಚ್ಚಾಗಿ ಗಾಯ ಮಾಡಿದರೆ ಮುಂದೊಂದು ದಿನ ಕೊರೆಯಲು ಜಾಗವೇ ಉಳಿಯದು.

ಇದನ್ನು ಮರೆತು ಕೆಟ್ಟ ಕಾಲವೂ ಒಂದಿತ್ತು. ತೂತು ಬೇಗ ಕಟ್ಟಿಕೊಳ್ಳದಿರಲೆಂದು ಅದರೊಳಗೆ ಫಾರ್ಮಾಲ್ಡಿಹೈಡ್ ಗುಳಿಗೆ ಇಡುವ ರೂಢಿ 1960ರ ದಶಕದಲ್ಲಿ ಹಬ್ಬಿತು. ರಸವೇನೋ ಹೆಚ್ಚು ಬಂತು. ಆದರೆ ಮರ ತನ್ನ ಗಾಯವನ್ನು ತಾನು ಮುಚ್ಚಿಕೊಳ್ಳಲಾರದೆ ಒಳಗೊಳಗೇ ಕೊಳೆಯತೊಡಗಿತು. ಕಡೆಗೆ ವರ್ಮಾಂಟಿನಲ್ಲೂ ಕೆನಡಾದಲ್ಲೂ ಆ ಗುಳಿಗೆಯನ್ನು ನಿಷೇಧಿಸಬೇಕಾಯಿತು. ನಾಲ್ಕು ವರ್ಷದ ಹೆಚ್ಚುವರಿಗಾಗಿ ನಲವತ್ತು ವರ್ಷದ ಮರವನ್ನು ಒತ್ತೆಯಿಟ್ಟಂತಾಗಿತ್ತು.

ಒಲೆಯ ಮನೆ

ಮರದಿಂದ ಇಳಿದ ರಸ ನೋಡಲು ಬರಿಯ ನೀರು. ಬಾಯಿಗೆ ಹಾಕಿಕೊಂಡರೆ ಸಿಹಿ ಇದೆಯೋ ಇಲ್ಲವೋ ಎಂಬಷ್ಟು. ಅದರಲ್ಲಿ ಸಕ್ಕರೆ ನೂರಕ್ಕೆ ಎರಡು ಭಾಗ ಮಾತ್ರ. ಅದನ್ನು ನೂರಕ್ಕೆ 66-67 ಭಾಗಕ್ಕೆ ಏರಿಸಬೇಕು. ಇದಕ್ಕೆ ಅಲ್ಲಿ '86ರ ಸೂತ್ರ' ಎಂಬೊಂದು ಸುಲಭ ಲೆಕ್ಕವಿದೆ. ರಸದ ಸಕ್ಕರೆಯ ಅಂಶದಿಂದ 86ನ್ನು ಭಾಗಿಸಿದರೆ ಒಂದು ಅಳತೆ ಪಾಕಕ್ಕೆ ಎಷ್ಟು ಅಳತೆ ರಸ ಬೇಕೆಂದು ತಿಳಿಯುತ್ತದೆ. ಎರಡು ಭಾಗವಿದ್ದರೆ 43 ಅಳತೆ. ಒಂದೂವರೆ ಭಾಗವಿದ್ದರೆ 57. ಅರ್ಧ ಭಾಗ ಸಕ್ಕರೆ ಕಡಿಮೆಯಾದರೆ ಸೌದೆಯ ಲೆಕ್ಕ ಎಲ್ಲಿಗೆ ಏರಿತು ನೋಡಿ!

500 ಬಕೆಟ್ಟಿನ ಒಂದು ಕುಟುಂಬದ ತೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಳ್ಳೆಯ ವರ್ಷದಲ್ಲಿ ತೂತಿಗೆ ಸುಮಾರು 38 ಲೀಟರ್ ರಸ ಬಂದರೆ ಒಟ್ಟು 19,000 ಲೀಟರ್. ಅದು ಕಾದು ಇಳಿದರೆ ಸುಮಾರು 450 ಲೀಟರ್ ಪಾಕ. ಉಳಿದದ್ದೆಲ್ಲ ಆವಿಯಾಗಿ ಮಾಡಿನ ಕಿಂಡಿಯಿಂದ ಹೋಗಬೇಕು. ಅಷ್ಟನ್ನೂ ಹಿಮದಲ್ಲಿ ನಡೆದು ಹೊತ್ತು ತರಬೇಕು. ಮನೆಯ ದೊಡ್ಡವರು, ಶಾಲೆ ಬಿಟ್ಟು ಬಂದ ಮಕ್ಕಳು, ನೆರೆಮನೆಯವರು ಎಲ್ಲರೂ ಈ ಕೆಲಸಕ್ಕೆ ಇಳಿಯುತ್ತಾರೆ. ರಸ ಹಾಲಿನಂತೆ ಬೇಗ ಕೆಡುವ ವಸ್ತುವಾದ್ದರಿಂದ ಅಂದಿನದನ್ನು ಅಂದೇ ಕಾಯಿಸುವುದು ಲೇಸು. ಹೆಚ್ಚು ಸುರಿದ ದಿನ ನಡುರಾತ್ರಿಯಾದರೂ ಒಲೆ ಆರುವುದಿಲ್ಲ. ಕಾರ್ತಿಕದಲ್ಲಿ ಅಡಿಕೆ ಸುಲಿದು ಬೇಯಿಸುವ ನಮ್ಮ ಮನೆಗಳ ಗಡಿಬಿಡಿಯನ್ನು ನೆನೆದುಕೊಂಡರೆ ಸಾಕು.

ಕಾಯಿಸುವ ಮನೆ ತೋಟದ ತಗ್ಗಿನಲ್ಲಿರುತ್ತದೆ. ಹಿಂದಿನ ವರ್ಷವೇ ಸೀಳಿ ಒಣಗಿಸಿದ ಸೌದೆ ಪಕ್ಕದಲ್ಲಿ ಒಟ್ಟಿರುತ್ತದೆ. ಉದ್ದನೆಯ ಒಲೆಯ ಮೇಲೆ ತಗಡಿನ ಅಗಲ ಬಾನಿಗಳು. ಹಿಂದಿನ ಬಾನಿಗೆ ಹಸಿ ರಸ ಸಣ್ಣಗೆ ಬೀಳುತ್ತಿರುತ್ತದೆ. ಗಟ್ಟಿಯಾಗುತ್ತ ಆಗುತ್ತ ಅದು ಮುಂದಿನ ಬಾನಿಗೆ ಸರಿದು ಬರುತ್ತದೆ. ಬಾನಿಯಲ್ಲಿ ರಸದ ಆಳ ಒಂದೆರಡು ಇಂಚು ಮಾತ್ರ. ನಿಗಾ ತಪ್ಪಿ ರಸ ಇಳಿದುಹೋದರೆ ಕೆಲವೇ ನಿಮಿಷದಲ್ಲಿ ಪಾಕವೂ ಸೀದು, ಬಾನಿಯೂ ಹಾಳು.

ನೊರೆ ಉಕ್ಕಿದಾಗ ನಮ್ಮ ಆಲೆಮನೆಯಲ್ಲಿ ನಾಲ್ಕು ಹನಿ ಎಣ್ಣೆ ಬಿಡುತ್ತಾರಲ್ಲವೇ? ಅಲ್ಲಿ ಒಂದು ತೊಟ್ಟು ಕೆನೆ ಇಲ್ಲವೆ ಚೂರು ಬೆಣ್ಣೆ. ಉಕ್ಕು ಕ್ಷಣದಲ್ಲಿ ಕುಸಿಯುತ್ತದೆ. ಪಾಕ ಹದಕ್ಕೆ ಬಂದದ್ದನ್ನು ತಿಳಿಯಲು ಹಳಬರು ಸೌಟಿನಿಂದ ಇಳಿಬಿಟ್ಟು, ಅಂಚಿನಲ್ಲಿ ಹಾಳೆಯಂತೆ ಇಳಿಯುತ್ತದೆಯೇ ಎಂದು ನೋಡುತ್ತಿದ್ದರು. ಉಷ್ಣಮಾಪಕ ಇಟ್ಟುಕೊಂಡವರು ನೀರು ಕುದಿಯುವ ಮಟ್ಟಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಇಳಿಸುತ್ತಾರೆ. ನೀರು ಕುದಿಯುವ ಮಟ್ಟವೂ ಹವೆಯ ಒತ್ತಡದಂತೆ ದಿನದಿಂದ ದಿನಕ್ಕೆ ತುಸು ಬದಲಾಗುವುದರಿಂದ ಮೊದಲು ಬರಿಯ ನೀರು ಕುದಿಸಿ ನೋಡಿಕೊಳ್ಳುವವನೇ ಜಾಣ. ಹದ ಸಾಲದಿದ್ದರೆ ಪಾಕ ಹುಳಿಯುತ್ತದೆ. ಮೀರಿದರೆ ಬಾಟಲಿಯ ತಳದಲ್ಲಿ ಹರಳುಗಟ್ಟುತ್ತದೆ. ಇಳಿಸಿದ ಪಾಕದಲ್ಲಿ ಮರಳಿನಂಥ ಖನಿಜದ ಗಸಿ ಇರುವುದರಿಂದ ದಪ್ಪ ಉಣ್ಣೆಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ತುಂಬಿ ಮುಚ್ಚುತ್ತಾರೆ.

ಇಷ್ಟೆಲ್ಲ ದುಡಿಮೆಯ ನಡುವೆ ಒಂದು ಹಬ್ಬವೂ ಉಂಟು. ಗಟ್ಟಿ ಪಾಕವನ್ನು ಹಿಮದ ಮೇಲೆ ಹೊಯ್ದರೆ ಅಂಟಿನಂತಾಗುತ್ತದೆ. ಅದನ್ನು ಕಡ್ಡಿಗೆ ಸುತ್ತಿಕೊಂಡು ತಿನ್ನಲು ಊರಿನ ಮಕ್ಕಳೆಲ್ಲ ಸೇರುತ್ತಾರೆ. ಆಲೆಮನೆಗೆ ನೆಂಟರಿಷ್ಟರನ್ನು ಕರೆದು ಕಬ್ಬಿನಹಾಲು, ನೊರೆಬೆಲ್ಲ ಹಂಚುವ ನಮ್ಮ ಪದ್ಧತಿಗೆ ಇದು ಅಕ್ಕತಂಗಿ.

ಋತು ಮುಗಿಯುವ ಗುರುತು

ಆರಂಭದ ಪಾಕ ಹೊಂಬಣ್ಣ, ನಸುರುಚಿ. ದಿನ ಬಿಸಿಯಾದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ, ಸಕ್ಕರೆ ಒಡೆದು, ಕಾಯಿಸಿದಾಗ ಬಣ್ಣ ಕಪ್ಪಾಗುತ್ತ ಹೋಗುತ್ತದೆ, ರುಚಿಯೂ ಗಡುಸಾಗುತ್ತದೆ. ಮರದ ಮೊಗ್ಗು ಒಡೆಯುವ ಹೊತ್ತಿಗೆ ರಸಕ್ಕೊಂದು ಕೆಟ್ಟ ವಾಸನೆ ಬರುತ್ತದೆ. ಅಂದಿಗೆ ಒಲೆ ಆರಿಸಿ, ಕೊಳವೆ ಕಿತ್ತು, ಬಕೆಟ್ಟು ತೊಳೆದು ಕವುಚಿಡಬೇಕು.

ಹಿಂದೆ ಕಪ್ಪು ಪಾಕವನ್ನು ಕೀಳು ದರ್ಜೆಗೆ ಹಾಕುತ್ತಿದ್ದರು. ಕೊಳ್ಳುವವರಲ್ಲಿ ಆ ಗಡುಸು ರುಚಿಯನ್ನೇ ಬಯಸುವವರು ಹೆಚ್ಚಾದ್ದರಿಂದ ವರ್ಮಾಂಟಿನಲ್ಲಿ 2014ರಲ್ಲಿ, ಅಮೆರಿಕದಾದ್ಯಂತ 2015ರಲ್ಲಿ ದರ್ಜೆಗಳನ್ನು ಬದಲಿಸಿ, ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಎಂಬ ನಾಲ್ಕನ್ನೂ 'ಎ' ದರ್ಜೆಗೇ ಸೇರಿಸಿದರು. ಮಾಲು ಅದೇ, ಹೆಸರು ಬದಲಾಯಿತು, ಮರ್ಯಾದೆಯೂ ಬಂತು.

ಹೊಸ ಯಂತ್ರ, ಹೊಸ ಖರ್ಚು

ಬಕೆಟ್ಟು ಹೊರುವ ಕಷ್ಟಕ್ಕೆ 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಪೈಪು ಬಂತು. ಮರದಿಂದ ಮರಕ್ಕೆ ಪೈಪು ಎಳೆದರೆ ರಸ ಇಳಿಜಾರಿನಲ್ಲಿ ತಾನೇ ಹರಿದು ತೊಟ್ಟಿಗೆ ಬೀಳುತ್ತದೆ. ಆಮೇಲೆ ಪೈಪಿಗೆ ಗಾಳಿ ಎಳೆಯುವ ಪಂಪು ಸೇರಿತು. ಇದರಿಂದ ರಸ ಬಕೆಟ್ಟಿನ ಕಾಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ರಸವನ್ನು ಸೂಕ್ಷ್ಮ ಪೊರೆಯಲ್ಲಿ ಒತ್ತಿ ನೀರು ಬೇರ್ಪಡಿಸುವ ಯಂತ್ರವೂ ಬಳಕೆಗೆ ಬಂತು. ಎರಡು ಭಾಗ ಸಕ್ಕರೆಯ ರಸವನ್ನು ಅದು ಎಂಟು ಭಾಗಕ್ಕೇರಿಸಿದರೆ ನಾಲ್ಕರಲ್ಲಿ ಮೂರು ಪಾಲು ನೀರು ಒಲೆಗೆ ಹೋಗುವ ಮೊದಲೇ ಹೋಯಿತು, ಅಷ್ಟು ಸೌದೆಯೂ ಉಳಿಯಿತು. ಆದರೆ ಯಂತ್ರಕ್ಕೆ ಹಣ ಬೇಕು. ಅಳಿಲು ಕಡಿದ ಪೈಪು ಹುಡುಕುತ್ತ ದಿನವಿಡೀ ಹಿಮದಲ್ಲಿ ತಿರುಗಬೇಕು. ಆರು ವಾರದ ಬೆಳೆಗೆ ವರ್ಷವಿಡೀ ಕಂತು ಕಟ್ಟುವುದು ಹೇಗೆಂಬ ಲೆಕ್ಕ ಅಲ್ಲಿಯೂ ಸಣ್ಣವನನ್ನು ಕಾಡುತ್ತದೆ.

ಹವೆಯ ಆಟವೂ ಕಡಿಮೆಯಿಲ್ಲ. 1998ರ ಜನವರಿಯಲ್ಲಿ ಸುರಿದ ಮಂಜುಮಳೆಯ ಭಾರಕ್ಕೆ ಕ್ವಿಬೆಕ್, ವರ್ಮಾಂಟ್‌ಗಳಲ್ಲಿ ಎಷ್ಟೋ ತೋಟಗಳ ಕೊಂಬೆಗಳು ಮುರಿದುಬಿದ್ದವು. 2012ರ ಮಾರ್ಚಿನಲ್ಲಿ ಅಕಾಲದ ಸೆಕೆ ಬಂದು ವರ್ಮಾಂಟಿನ ಋತು ಅರ್ಧದಲ್ಲೇ ಕಡಿಯಿತು.

ಒಕ್ಕೂಟ, ಉಗ್ರಾಣ, ಕಳವು

ಜಗತ್ತಿನ ಮೇಪಲ್ ಪಾಕದಲ್ಲಿ ಹೆಚ್ಚಿನ ಪಾಲು ಕ್ವಿಬೆಕ್‌ನದು. ಅಲ್ಲಿನ ಬೆಳೆಗಾರರು 1966ರಲ್ಲಿ ಒಕ್ಕೂಟ ಕಟ್ಟಿಕೊಂಡರು. ಒಂದು ವರ್ಷ ಬೆಳೆ ತುಂಬಿ ಬೆಲೆ ಬಿದ್ದರೆ, ಮರುವರ್ಷ ಬೆಳೆಯೇ ಇಲ್ಲದೆ ಕೊಳ್ಳುವವರು ತಪ್ಪಿಹೋಗುತ್ತಿದ್ದರು. ಇದಕ್ಕೆ ಮದ್ದೆಂದು 2000ದಲ್ಲಿ ಹೆಚ್ಚುವರಿ ಪಾಕವನ್ನು ಕೂಡಿಡುವ ಉಗ್ರಾಣ ಆರಂಭಿಸಿದರು. 2004ರಲ್ಲಿ ಪ್ರತಿಯೊಬ್ಬನಿಗೂ ಇಂತಿಷ್ಟೆಂದು ಕೋಟಾ ಗೊತ್ತುಮಾಡಿದರು. ಬಾಗಿಲಿಗೆ ಬಂದ ಗಿರಾಕಿಗೆ ಸಣ್ಣ ಡಬ್ಬಿಯಲ್ಲಿ ನೇರ ಮಾರಬಹುದು. ಪೀಪಾಯಿಯ ಮಾಲು ಮಾತ್ರ ಒಕ್ಕೂಟದ ಮೂಲಕವೇ ಹೋಗಬೇಕು. ಉಗ್ರಾಣಕ್ಕೆ ಹೋದ ಮಾಲಿನ ಹಣ ಮಾರಾಟವಾದ ಮೇಲೆ ಕೈಗೆ ಬರುತ್ತದೆ. 1990ರ ದಶಕದವರೆಗೆ ನಮ್ಮ ಕಾಫಿಗೆ ಇದ್ದ ಪೂಲ್ ಪದ್ಧತಿಯನ್ನು ಕಂಡವರಿಗೆ ಇದರ ಗುಣವೂ ಗೊತ್ತು, ಕಾಯುವ ಸಂಕಟವೂ ಗೊತ್ತು. ಅಲ್ಲಿಯೂ ಕೆಲವು ಬೆಳೆಗಾರರು ಕೋಟಾ ಒಪ್ಪದೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

2011-12ರಲ್ಲಿ ಆ ದಾಸ್ತಾನಿನಿಂದಲೇ ಸುಮಾರು 3,000 ಟನ್ ಪಾಕ ಕಳವಾಯಿತು. ಬೆಲೆ ಸುಮಾರು 1.8 ಕೋಟಿ ಕೆನಡಾ ಡಾಲರ್. ಕಳ್ಳರು ಪೀಪಾಯಿಗಳಿಂದ ಪಾಕ ತೆಗೆದು ಕೆಲವಕ್ಕೆ ನೀರು ತುಂಬಿಟ್ಟಿದ್ದರು. 2012ರ ಬೇಸಗೆಯಲ್ಲಿ ದಾಸ್ತಾನು ಎಣಿಸಲು ಹೋದವರಿಗೆ ಪೀಪಾಯಿ ಹಗುರವಾಗಿ ಅಲುಗಾಡಿದಾಗಲೇ ಗುಟ್ಟು ಹೊರಬಿದ್ದದ್ದು. ಕಳ್ಳರು ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ಆದರೆ ಆ ಪೀಪಾಯಿಗಳಲ್ಲಿ ಇದ್ದದ್ದು ಸಾವಿರಾರು ಒಲೆಗಳ ಮುಂದೆ ನಿದ್ದೆಗೆಟ್ಟವರ ದುಡಿಮೆ.

ಹಾಗೆಂದು ಅವರು ಉಗ್ರಾಣ ಮುಚ್ಚಲಿಲ್ಲ, ಕಾವಲು ಬಿಗಿಮಾಡಿದರು. 2021ರಲ್ಲಿ ಬೆಳೆ ಇಳಿದು ಬೇಡಿಕೆ ಏರಿದಾಗ ಒಕ್ಕೂಟವು ದಾಸ್ತಾನಿನಿಂದ ಸುಮಾರು 5 ಕೋಟಿ ಪೌಂಡು ಪಾಕವನ್ನು ಹೊರಬಿಟ್ಟು ಮಾರುಕಟ್ಟೆಯನ್ನು ಉಳಿಸಿಕೊಂಡಿತು. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ನಮ್ಮವರು ಒಂದುಗೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದೂ ಇಂಥದೇ ಅಗತ್ಯದಿಂದ.

ಮೇಪಲ್ ನಮ್ಮ ಮಣ್ಣಿಗೆ ಬರುವ ಬೆಳೆಯಲ್ಲ; ಆ ಹಿಮವೂ ನಮಗಿಲ್ಲ. ಆದರೆ ಅಲ್ಲಿನ ಬೆಳೆಗಾರನ ಎರಡು ಮಾತು ನಮಗೂ ಸಲ್ಲುತ್ತವೆ. ಮರದಿಂದ ತೆಗೆಯುವುದು ಅದು ಬೆಳೆಯುವಷ್ಟನ್ನು ಮೀರಬಾರದು. ಸಂಘದ ಉಗ್ರಾಣಕ್ಕೆ ಮಾಲು ಹಾಕಿದವನು ವರ್ಷಕ್ಕೊಮ್ಮೆಯಾದರೂ ಅದರ ಲೆಕ್ಕ ಕೇಳಬೇಕು. ಮುಂದಿನ ಸರ್ವಸದಸ್ಯರ ಸಭೆಯ ದಿನ ತೋಟದಲ್ಲಿ ಎಷ್ಟೇ ಕೆಲಸವಿದ್ದರೂ ಬಂದು ಕುಳಿತುಕೊಳ್ಳಿ. ಪೀಪಾಯಿಯಲ್ಲಿ ಪಾಕವಿದೆಯೋ ನೀರಿದೆಯೋ ಎಂಬುದು ತಟ್ಟಿ ನೋಡಿದವನಿಗೆ ಮಾತ್ರ ತಿಳಿಯುತ್ತದೆ.