ಜೀವಾಮೃತದ ಬ್ಯಾರೆಲ್‌ನಲ್ಲಿ ಮೊದಲ ತುತ್ತು ಯಾವುದು?

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಾಗಲಿ, ಮೈಸೂರು ಕಡೆಯಲ್ಲಾಗಲಿ, ಜೀವಾಮೃತವೆಂಬ ದ್ರವಗೊಬ್ಬರದ ಲೆಕ್ಕ ಹೆಚ್ಚುಕಡಿಮೆ ಒಂದೇ: 200 ಲೀಟರ್ ನೀರು, 10 ಕೆ.ಜಿ. ಆಕಳ ಸೆಗಣಿ, 5ರಿಂದ 10 ಲೀಟರ್ ಗೋಮೂತ್ರ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಬೆಲ್ಲದ ಸಕ್ಕರೆ, ಹಿಟ್ಟಿನ ಪಿಷ್ಟ, ಸೆಗಣಿಯ ನಾರು ಎಲ್ಲವೂ ಸೂಕ್ಷ್ಮಜೀವಿಗಳಿಗೆ ಇಂಗಾಲದ ಆಹಾರವೇ.

ತಪ್ಪು ಕಲ್ಪನೆ: ಹಾಕಿದ್ದನ್ನೆಲ್ಲ ಅವು ಒಟ್ಟಿಗೇ ತಿನ್ನುತ್ತವೆ.

ಸತ್ಯ: ಬಹಳ ಸಲ ಸರದಿ ಇರುತ್ತದೆ. ಎರಡು ಸಕ್ಕರೆ ಕೊಟ್ಟ ಬ್ಯಾಕ್ಟೀರಿಯಾ ಎರಡು ಹಂತದಲ್ಲಿ ಬೆಳೆಯುವುದನ್ನು ಪ್ಯಾರಿಸ್‌ನ ವಿಜ್ಞಾನಿ ಜಾಕ್ ಮೊನೊ 1941ರಲ್ಲಿ ವಿವರಿಸಿದರು. ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಇದ್ದರೆ ಇ. ಕೋಲಿ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್ ಮುಗಿಸುತ್ತದೆ. ಗ್ಲೂಕೋಸ್ ಒಳಬರುತ್ತಿರುವಷ್ಟು ಹೊತ್ತು ಲ್ಯಾಕ್ಟೋಸ್‌ಗೆ ಪ್ರವೇಶವಿಲ್ಲ. ಅದನ್ನು ಒಡೆಯುವ ಕಿಣ್ವದ ತಯಾರಿಕೆಯೂ ಬಂದ್. ಈ ಜಾಡು ಹಿಡಿದು ವಂಶವಾಹಿಗಳ ನಿಯಂತ್ರಣವನ್ನು ಬಿಡಿಸಿಟ್ಟ ಮೊನೊ, ಫ್ರಾನ್ಸ್ವಾ ಜಾಕೋಬ್ ಮತ್ತು ಆಂದ್ರೆ ಲ್ವೋಫ್ ಜೊತೆ 1965ರ ನೊಬೆಲ್ ಹಂಚಿಕೊಂಡರು. ಆದರೆ ಸಕ್ಕರೆ ತೀರಾ ಕಡಿಮೆ ಇದ್ದಾಗ ಇದೇ ಇ. ಕೋಲಿ ಸರದಿ ಬಿಟ್ಟು ಹಲವನ್ನು ಒಟ್ಟಿಗೇ ಬಳಸುತ್ತದೆ.

ತಪ್ಪು ಕಲ್ಪನೆ: ಎರಡು ಹಂತಗಳ ನಡುವೆ ಬೆಳವಣಿಗೆ ನಿಂತರೆ ಅವು ಸತ್ತಂತೆ.

ಸತ್ಯ: ಅದು ಮುಂದಿನ ಆಹಾರಕ್ಕೆ ಬೇಕಾದ ಕಿಣ್ವ ತಯಾರಿಸಿಕೊಳ್ಳುವ ಹೊತ್ತು. ಬ್ಯಾರೆಲ್‌ನಲ್ಲಿ ನಾನಾ ಜಾತಿಗಳಿರುವುದರಿಂದ ಈ ಬಿಡುವು ಕಣ್ಣಿಗೆ ಬೀಳುವುದಿಲ್ಲ.

ತಪ್ಪು ಕಲ್ಪನೆ: ಸಿಹಿ ಕಂಡರೆ ಎಲ್ಲವೂ ಮೊದಲು ಅತ್ತಲೇ ಓಡುತ್ತವೆ.

ಸತ್ಯ: ರೈತರು ಬೆಳೆರೋಗಕ್ಕೆಂದು ಪ್ಯಾಕೆಟ್‌ನಲ್ಲಿ ತರುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ್ದು ಉಲ್ಟಾ ಲೆಕ್ಕ. ಸಕ್ಸಿನೇಟ್‌ನಂಥ ಸಾವಯವ ಆಮ್ಲ ಸಿಕ್ಕರೆ ಅದು ಗ್ಲೂಕೋಸನ್ನು ಪಕ್ಕಕ್ಕಿಡುತ್ತದೆ.

ತಪ್ಪು ಕಲ್ಪನೆ: ಬೆಲ್ಲ ಹೆಚ್ಚಿದಷ್ಟೂ ಜೀವಾಣು ಹೆಚ್ಚು.

ಸತ್ಯ: 200 ಲೀಟರ್‌ಗೆ 2 ಕೆ.ಜಿ. ಎಂದರೆ ಲೀಟರ್‌ಗೆ 10 ಗ್ರಾಂ ಬೆಲ್ಲ. ಅದರ ಸಕ್ಕರೆ ಪೂರ್ತಿ ದಹಿಸಲು ಹೆಚ್ಚುಕಡಿಮೆ ಅಷ್ಟೇ ತೂಕದ ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ! ದಿನಕ್ಕೆರಡು ಸಲ ಕೋಲಿನಿಂದ ತಿರುವಿದಾಗ ಒಂದಿಷ್ಟು ಗಾಳಿ ಬೆರೆಯುತ್ತದೆ. ಬೆಲ್ಲ ದುಪ್ಪಟ್ಟಾದರೆ ಈ ಕೊರತೆಯೂ ದುಪ್ಪಟ್ಟು. ಆಗ ಗಾಳಿಯಿಲ್ಲದೆ ಬದುಕುವ ಜೀವಾಣುಗಳದೇ ಮೇಲುಗೈ; ಅವು ಸಕ್ಕರೆಯನ್ನು ಆಮ್ಲ, ಆಲ್ಕೋಹಾಲ್ ಮಾಡುವುದರಿಂದ ದ್ರಾವಣ ಹುಳಿಯಾಗಿ, ಹುಳಿ ಸಹಿಸದ ಜಾತಿಗಳು ಹಿಂದೆ ಬೀಳುತ್ತವೆ.