ಕೆಂಪು ಗೆರೆಯ ಹಿಂದಿನ ಕಾವಲು

ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಬ್ಯಾಚ್ ನಂಬರು, ತಯಾರಾದ ತಿಂಗಳು, ಎಕ್ಸ್‌ಪೈರಿ, ಲೈಸೆನ್ಸ್ ನಂಬರು. ಕೆಲವುಗಳ ಮೇಲೆ ಉದ್ದಕ್ಕೊಂದು ಕೆಂಪು ಗೆರೆ: ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ.

ಈ ನಿಯಮಗಳ ಬೇರು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿದೆ. ದೆಹಲಿಯ ಕೇಂದ್ರೀಯ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ, ಹೊಸ ಔಷಧಗಳಿಗೆ ಅನುಮತಿ ಕೊಡುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ನೀಡುತ್ತದೆ. ಆಮದಿನ ಮೇಲೆ ಕಣ್ಣಿಡುತ್ತದೆ. 2020ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಇದೇ ಕಾಯ್ದೆಯ ವ್ಯಾಪ್ತಿಗೆ ಬಂದಿವೆ.

ಆದರೆ ಬಹುತೇಕ ಕಾರ್ಖಾನೆಗಳ ಲೈಸೆನ್ಸು, ಮೆಡಿಕಲ್ ಸ್ಟೋರುಗಳ ತಪಾಸಣೆ ರಾಜ್ಯಗಳ ಕೈಯಲ್ಲಿದೆ.

ಈ ಹಂಚಿಕೆಯಲ್ಲಿ ಕಾವಲು ಸಡಿಲವಾದರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ದೇಶ ಕಂಡಿತು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ತಮಿಳುನಾಡಿನ ಅಧಿಕಾರಿಗಳು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು, ಶೇ 48.6ರಷ್ಟು! ಇರಬಹುದಾದ ಮಿತಿ ಶೇ 0.1. ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ ವಿಷವಿದು. ಬಾಟಲಿ ಅಂಗಡಿ ಸೇರುವ ಮೊದಲೇ ಈ ಪರೀಕ್ಷೆ ನಡೆಯಬೇಕಿತ್ತು. ನಿಯಮ ಹೇಳುವುದೂ ಅದನ್ನೇ.

ಕಾವಲಿನ ಕೆಲವು ದಾರಿಗಳು ಜನರಿಗೂ ತೆರೆದಿವೆ. ಗುಣಮಟ್ಟದಲ್ಲಿ ಸೋತ ಬ್ಯಾಚ್‌ಗಳ ಪಟ್ಟಿಯನ್ನು ಸಿಡಿಎಸ್‌ಸಿಒ ತಿಂಗಳು ತಿಂಗಳು ಪ್ರಕಟಿಸುತ್ತದೆ. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಬ್ಯಾಚ್ ಎಲ್ಲ ಸಿಗುತ್ತವೆ. ಔಷಧದಿಂದ ಅಡ್ಡ ಪರಿಣಾಮವಾದರೆ ರೋಗಿಯ ಮನೆಯವರೇ 1800-180-3024ಕ್ಕೆ ಉಚಿತವಾಗಿ ಕರೆಮಾಡಿ ವರದಿ ಮಾಡಬಹುದು.