ಮೊಂಡ ಮಗುವೋ, ಮಂದ ಕಿವಿಯೋ?

ಕಣ್ಣು ಮಂಜಾದ ಮಗು ಎಡವುತ್ತದೆ. ಕಾಲು ನೊಂದ ಮಗು ಕುಂಟುತ್ತದೆ. ಹೊಟ್ಟೆ ನೊಂದರಂತೂ ಕೇರಿಯೇ ಎಚ್ಚರಗೊಳ್ಳುವಂತೆ ಅಳುತ್ತದೆ. ಕಿವಿ ಮಂದವಾದ ಮಗು ಮಾತ್ರ ದೂರು ಹೇಳುವುದಿಲ್ಲ. ಇತರರಿಗೆ ಎಷ್ಟು ಕೇಳಿಸುತ್ತದೆಂಬುದು ಅದಕ್ಕೆ ತಿಳಿಯುವ ಬಗೆಯಾದರೂ ಹೇಗೆ? ತನ್ನ ಕಿವಿಗೆ ಬಿದ್ದಷ್ಟೇ ಲೋಕದ ಸದ್ದು ಎಂದು ನಂಬಿ ಅದು ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ದೂರು ಹೇಳುವವರು ಹಿರಿಯರು. “ಹತ್ತು ಸಲ ಕೂಗಿದರೂ ತಿರುಗಿ ನೋಡದು,” “ಹೇಳುವುದೊಂದಾದರೆ ಮಾಡುವುದು ಇನ್ನೊಂದು,” “ಬೇಕಾದಾಗ ಮಾತ್ರ ಇದಕ್ಕೆ ಕಿವಿ ಕೇಳಿಸುತ್ತದೆ!” ಎರಡರಿಂದ ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಈ ಮಾತುಗಳು ಹೊಸವಲ್ಲ. ಬಹುಮಟ್ಟಿಗೆ ಇವು ಮಗುವಿನ ತುಂಟತನಕ್ಕೇ ಸಲ್ಲತಕ್ಕವು. ಆದರೆ ಯಾವಾಗಲೂ ಅಲ್ಲ.

ಆ ಕೊನೆಯ ಮಾತನ್ನೇ ಕೊಂಚ ವಿಚಾರಿಸಿ ನೋಡಬೇಕು. ಏನೂ ಕೇಳಿಸದ ಮಗು ಬೇಗನೆ ಗಮನಕ್ಕೆ ಬರುತ್ತದೆ. ಅರ್ಧ ಕೇಳಿಸುವ ಮಗು ಬರುವುದಿಲ್ಲ. ತಾಯಿ ಎದುರಿಗೆ ಕುಳಿತು ಮುಖ ನೋಡಿ ಮಾತನಾಡಿದರೆ ಅದು ಎಲ್ಲಕ್ಕೂ ಉತ್ತರ ಕೊಡುತ್ತದೆ. ಅದೇ ತಾಯಿ ಒಗ್ಗರಣೆಯ ಸದ್ದಿನ ನಡುವೆ ಅಡಿಗೆಮನೆಯಿಂದಲೇ ಕೂಗಿದಳೋ, ಮಗು ಕದಲುವುದಿಲ್ಲ. ನೆಗಡಿಯಾದ ವಾರ ಕೇಳಿಸದಿದ್ದುದು ಮುಂದಿನ ವಾರ ಕೇಳಿಸಲೂ ಬಹುದು. ಇದನ್ನು ಕಂಡವರು ಮೊಂಡತನವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಪೆಟ್ಟು ತಿನ್ನುವುದು ಮಾತ್ರ ಮಗು.

ಈ ವಯಸ್ಸಿನ ಮಂದಗಿವಿಗೆ ಅತಿ ಸಾಮಾನ್ಯವಾದ ಕಾರಣ, ಕಿವಿತಮಟೆಯ ಹಿಂದೆ ನಿಂತ ದ್ರವ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಗಾಳಿಯನ್ನು ಒಯ್ಯುವ ಯೂಸ್ಟೇಷಿಯನ್ ನಾಳವೆಂಬ ಸಣ್ಣ ಕೊಳವೆಯೊಂದುಂಟು. ದೊಡ್ಡವರಲ್ಲಿ ಅದು ಸುಮಾರು 45 ಡಿಗ್ರಿ ಓರೆಯಾಗಿ ಇಳಿದಿದ್ದರೆ, ಎಳೆಯ ಮಕ್ಕಳಲ್ಲಿ ಗಿಡ್ಡವಾಗಿ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ. ನೆಗಡಿಯಿಂದಲೋ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದುದರಿಂದಲೋ ಈ ದಾರಿ ಕಟ್ಟಿತೆಂದರೆ, ಒಳಗಿನ ಗಾಳಿ ಇಂಗಿ ದ್ರವ ಒಸರುತ್ತದೆ. ಕೆಲವರಲ್ಲಿ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ಬಹಳ ಸಲ ನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ. ಸದ್ದು ಮಾತ್ರ ಗೋಡೆಯಾಚೆಯಿಂದ ಬಂದಂತೆ ಬರುತ್ತದೆ. ಬಾಯಿ ತೆರೆದು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವಿನ ಕಿವಿಯ ಬಗ್ಗೆಯೂ ವಿಚಾರಿಸಬೇಕೆನ್ನುವುದು ಈ ಕಾರಣದಿಂದಲೇ.

ಇದರಿಂದಾಗುವ ನಷ್ಟ ಸಾಮಾನ್ಯವಾಗಿ 25, 30 ಡೆಸಿಬೆಲ್. ಎದುರು ಕುಳಿತವರ ಮಾತು ಸುಮಾರು 60 ಡೆಸಿಬೆಲ್ ಇರುವಾಗ ಇದೇನು ಮಹಾ ಎನ್ನಿಸೀತು. ಆದರೆ ಮಾತಿನ ಧ್ವನಿಗಳೆಲ್ಲ ಒಂದೇ ಬಲದವಲ್ಲ. ಸ್ವರಗಳು ಗಟ್ಟಿ; ‘ಸ’, ‘ಶ’, ‘ತ’, ‘ಕ’ ಮೊದಲಾದ ವ್ಯಂಜನಗಳು ತೀರ ಮೆಲು. ತಾಯಿ, ಕಾಯಿ, ನಾಯಿ, ಬಾಯಿ ಎಂಬ ನಾಲ್ಕು ಮಾತುಗಳಿಂದ ಮೊದಲಿನ ವ್ಯಂಜನವನ್ನು ತೆಗೆದುಬಿಟ್ಟರೆ ಉಳಿಯುವುದೇನು? ನಾಲ್ಕೂ ಒಂದೇ! ದೊಡ್ಡವರಾದರೆ ಸಂದರ್ಭ ನೋಡಿ ಊಹಿಸಿಕೊಂಡಾರು. ಅವರಲ್ಲಿ ಭಾಷೆ ಆಗಲೇ ತುಂಬಿದೆ. ಮಗುವಾದರೋ ಭಾಷೆಯನ್ನು ಈಗಷ್ಟೇ ಕಟ್ಟಿಕೊಳ್ಳುತ್ತಿದೆ. ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎಂಬಲ್ಲಿ ಅರ್ಥವನ್ನು ಹೊತ್ತಿರುವ ತುದಿಯನ್ನು ಮಾತಿನ ಭರದಲ್ಲಿ ಎಲ್ಲರೂ ತೇಲಿಸಿಯೇ ನುಡಿಯುತ್ತಾರೆ. ಆ ತುದಿ ಕಿವಿಗೆ ಬೀಳದ ಮಗುವಿನ ಮಾತು ತೊದಲಾಗಿಯೇ ಉಳಿದರೆ, “ನಮ್ಮ ಮನೆಯ ಗಂಡುಮಕ್ಕಳಿಗೆ ಮಾತು ತಡ, ಇವನ ಸೋದರಮಾವನಿಗೂ ನಾಲ್ಕಕ್ಕೇ ಬಂದದ್ದು” ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ವಂಶದ ಮಾತು ಬಂದಲ್ಲಿ ಪರೀಕ್ಷೆ ಇನ್ನೂ ಬೇಗ ನಡೆಯಬೇಕು. ಕಿವುಡುತನ ವಂಶಪಾರಂಪರ್ಯವಾಗಿಯೂ ಬರಬಹುದು; ರಕ್ತಸಂಬಂಧದ ಮದುವೆಗಳಿರುವಲ್ಲಿ ಆ ಸಂಭವ ಹೆಚ್ಚು.

ಮನೆಯಲ್ಲೇ ಪರೀಕ್ಷೆ ಮಾಡುವವರಿದ್ದಾರೆ. ಮಗುವಿನ ಬೆನ್ನ ಹಿಂದೆ ತಟ್ಟೆ ಬಡಿಯುವುದು, ಬಾಗಿಲು ದಡಾರೆಂದು ಹಾಕುವುದು; ಮಗು ಬೆಚ್ಚಿ ತಿರುಗಿದರೆ “ಕಿವಿ ಸರಿಯಾಗಿದೆ” ಎಂದು ನಿಶ್ಚಿಂತರಾಗುವುದು. ಇದಕ್ಕಿಂತ ಮೋಸದ ಪರೀಕ್ಷೆ ಇನ್ನಿಲ್ಲ. ತಟ್ಟೆಯ ಸದ್ದು ಅರ್ಧ ಕೇಳಿಸುವ ಕಿವಿಗೂ ಧಾರಾಳವಾಗಿ ಕೇಳಿಸುತ್ತದೆ. ನೆಲದ ಅದುರು, ಗೋಡೆಯ ಮೇಲಿನ ನೆರಳು, ಮುಖಕ್ಕೆ ಬೀಸಿದ ಗಾಳಿ ಇವೂ ಸುಳಿವು ಕೊಟ್ಟುಬಿಡುತ್ತವೆ. ಸಾಲದುದಕ್ಕೆ, ಒಂದೇ ಕಿವಿ ಕೆಟ್ಟಿದ್ದರೆ ಈ ಗದ್ದಲದಲ್ಲಿ ಅದು ಪತ್ತೆಯಾಗುವುದೇ ಇಲ್ಲ.

ತಕ್ಕ ಪರೀಕ್ಷೆ ಒಂದು ಆಟ. ಸುಮಾರು ಎರಡೂವರೆ, ಮೂರು ವರ್ಷ ದಾಟಿದ ಮಗುವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ತೊಡಿಸಿ, ಕೈಗೊಂದು ಬಣ್ಣದ ಬಳೆ ಕೊಡುತ್ತಾರೆ. ಸದ್ದು ಕೇಳಿದೊಡನೆ ಬಳೆಯನ್ನು ಕಂಬಕ್ಕೆ ಹಾಕಬೇಕು, ಕೇಳದಿದ್ದರೆ ಹಾಕಕೂಡದು. ಮೊದಲ ಬಳೆಗಳನ್ನು ಮಗುವಿನ ಕೈ ಹಿಡಿದು ಹಾಕಿಸಿದ ಮೇಲೆ ಆಟದ ನಿಯಮ ಅದಕ್ಕೆ ಹತ್ತುತ್ತದೆ. ಆಮೇಲೆ ಪರೀಕ್ಷಕರು ಸದ್ದನ್ನು ತಗ್ಗಿಸುತ್ತ, ಒಂದೊಂದು ಕಿವಿಗೂ ಒಂದೊಂದು ಶ್ರುತಿಗೂ ಕೇಳಿಸುವ ಕನಿಷ್ಠ ಮಟ್ಟವನ್ನು ಗುರುತು ಮಾಡಿಕೊಳ್ಳುತ್ತಾರೆ. ಶೀಘ್ರ ತಪಾಸಣೆಯಲ್ಲಿ ಸಾಮಾನ್ಯವಾಗಿ 1000, 2000, 4000 ಹರ್ಟ್ಸ್‌ಗಳ ಸದ್ದನ್ನು 20 ಡೆಸಿಬೆಲ್‌ನಲ್ಲಿ ಕೇಳಿಸುವುದುಂಟು. ಕಿವಿಯ ಬಾಯಿಗೆ ಮೆತ್ತನೆಯ ಬಿರಡೆಯಿಟ್ಟು ಗಾಳಿಯ ಒತ್ತಡವನ್ನು ಕೊಂಚ ಬದಲಿಸಿ ತಮಟೆಯ ಚಲನೆಯನ್ನು ಅಳೆಯುವ ಇನ್ನೊಂದು ಯಂತ್ರವಿದೆ. ಹಿಂದೆ ದ್ರವ ನಿಂತಿದ್ದರೆ ಅದರ ರೇಖೆ ಏರಿಳಿಯದೆ ಚಪ್ಪಟೆಯಾಗಿ ಬೀಳುತ್ತದೆ. ಇದಕ್ಕೆ ಹಿಡಿಯುವುದು ಕೆಲವು ಕ್ಷಣ. ಮಗು ಉತ್ತರಿಸಬೇಕಾಗಿಯೂ ಇಲ್ಲ.

“ಹುಟ್ಟಿದಾಗಲೇ ಪರೀಕ್ಷೆಯಾಗಿತ್ತಲ್ಲ!” ಎನ್ನುವವರೂ ಉಂಟು. ಒಳಗಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಕ್ಷೀಣವಾದ ಸದ್ದನ್ನು ಹೊರಡಿಸುತ್ತದೆಂಬ ವಿಚಿತ್ರವನ್ನು ಲಂಡನ್ನಿನ ಭೌತವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದರು. ನಿದ್ರಿಸುವ ಹಸುಗೂಸಿನ ಕಿವಿಯನ್ನೂ ಪರೀಕ್ಷಿಸಲು ಸಾಧ್ಯವಾದದ್ದು ಆ ಶೋಧದ ಫಲ. ಆದರೆ ಆ ತೇರ್ಗಡೆ ಅಂದಿನ ದಿನಕ್ಕೆ ಮಾತ್ರ. ಮಿದುಳ್ಪೊರೆಯ ಉರಿಯೂತ, ಮಂಗನಬಾವು, ದಡಾರ ಮುಂದೆಂದಾದರೂ ಶ್ರವಣವನ್ನು ಕಸಿಯಬಲ್ಲವು. ಕೆಲವು ವಂಶದೋಷಗಳು ವರ್ಷಗಳ ಮೇಲೆ ತಲೆದೋರುತ್ತವೆ.

ದ್ರವ ನಿಂತ ಕಿವಿಗೆ ಒಡನೆಯೇ ಶಸ್ತ್ರ ಬೇಕಿಲ್ಲ. ಬಹಳಷ್ಟು ಮಕ್ಕಳಲ್ಲಿ ಸುಮಾರು ಮೂರು ತಿಂಗಳಲ್ಲಿ ಅದು ತಾನೇ ಇಳಿಯುವುದರಿಂದ ವೈದ್ಯರು ಕಾದು ಮತ್ತೆ ಪರೀಕ್ಷಿಸುತ್ತಾರೆ. ಇಳಿಯದೆ ಉಳಿದು ಶ್ರವಣಕ್ಕೆ ತೊಡಕಾದರೆ ತಮಟೆಯಲ್ಲಿ ಪುಟ್ಟ ನಳಿಗೆಯನ್ನು ಕೂರಿಸುವುದುಂಟು. ಅಮೆರಿಕದ ವೈದ್ಯ ಬೆವರ್ಲಿ ಆರ್ಮ್‌ಸ್ಟ್ರಾಂಗ್ 1954ರಲ್ಲಿ ಬಳಕೆಗೆ ಮರಳಿಸಿದ ಉಪಾಯವಿದು. ಕಾಲಕ್ರಮದಲ್ಲಿ ನಳಿಗೆ ತಾನಾಗಿ ಉದುರಿಹೋಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಮಾತ್ರ ಖಂಡಿತ ಬೇಡ. ತಮಟೆ ಸರಿಯಿದ್ದರೆ ಎಣ್ಣೆ ಅದರಾಚೆಗೆ ತಲಪದು. ತೂತಾಗಿದ್ದರೆ ಸೋಂಕನ್ನು ಒಳಕ್ಕೆ ಒಯ್ದೀತು. ಕಿವಿ ಸೋರುತ್ತಿದ್ದರಂತೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಷ್ಟ ಒಳಗಿವಿಯದಾದರೆ ಕಾಯುವ ಮಾತೇ ಇಲ್ಲ. ಶ್ರವಣಯಂತ್ರವೂ ಮಾತಿನ ಶಿಕ್ಷಣವೂ ಬೇಗ ಆರಂಭವಾದಷ್ಟೂ ಫಲ ಹೆಚ್ಚು.

ತೋರಿಸುವುದೆಲ್ಲಿ? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕಾರ್ಯದಲ್ಲಿ ತೊಡಗಿದೆ. ಅಷ್ಟು ದೂರ ಹೋಗಲಾರದವರು ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡತಕ್ಕದ್ದು. ಕಿವಿಯ ದೋಷವೂ ಅದರ ಪಟ್ಟಿಯಲ್ಲಿದೆ. ತಂಡ ಬಂದ ದಿನ ತಾಯಿಯೂ ಜೊತೆಗಿದ್ದು, ಮಗು ಎಲ್ಲಿ, ಯಾವಾಗ ಓಗೊಡುವುದಿಲ್ಲವೆಂಬುದನ್ನು ಬಿಡಿಸಿ ಹೇಳಿದರೆ ಪರೀಕ್ಷಕರ ಕೆಲಸ ಹಗುರವಾಗುತ್ತದೆ.

ಪರೀಕ್ಷೆಯ ದಿನ ಬರುವವರೆಗೂ ಮನೆಯಲ್ಲಿ ಮಾಡಬೇಕಾದ್ದು ಬಹಳವಿಲ್ಲ. ಮಾತನಾಡುವಾಗ ಟೆಲಿವಿಷನ್ನನ್ನು ನಿಲ್ಲಿಸುವುದು. ಅಂಗನವಾಡಿಯಲ್ಲಿ ಮಗುವನ್ನು ಟೀಚರ ಹತ್ತಿರ, ಬೀದಿಯ ಕಿಟಕಿಯಿಂದ ದೂರ ಕೂರಿಸಲು ಕೇಳಿಕೊಳ್ಳುವುದು. ಮೊದಲು ಹೆಸರು ಹಿಡಿದು ಕರೆದು, ಮಗು ಮುಖವೆತ್ತಿ ನೋಡಿದ ಮೇಲೆ ಹೇಳಬೇಕಾದುದನ್ನು ಹೇಳುವುದು.